ಟಿವಿ ರೆಕಾರ್ಡಿಂಗ್, ಮನೆಯ ಕಂಪ್ಯೂಟರಿನಲ್ಲಿ

ಪ್ರಸಾರವಾಗುವ ಟಿವಿ ಕಾರ್ಯಕ್ರಮವನ್ನು ಸಾಧಾರಣ ಕಂಪ್ಯೂಟರೊಂದರ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟು ಬಿಡುವಾದಾಗ ನೋಡುವ ಏರ್ಪಾಡು. ಇದಕ್ಕೆ ತರಂಗ ಹಿಡಿಯುವ ಟ್ಯೂನರ್, ಬರೆದಿಡಲು ಡಿಸ್ಕ್, ಯಾವ ಚಾನೆಲ್ಲಿನಲ್ಲಿ ಎಷ್ಟು ಗಂಟೆಗೆ ಏನಿದೆಯೆಂದು ಹೇಳುವ ವೇಳಾಪಟ್ಟಿ, ಇವನ್ನೆಲ್ಲ ಹೊಂದಿಸಿ ನಡೆಸುವ ತಂತ್ರಾಂಶ ಬೇಕು. ಅಂಗಡಿಯಲ್ಲಿ ಕೊಂಡ ರೆಕಾರ್ಡರ್ ಮಾಡುವುದೂ ಇದನ್ನೇ. ಆದರೆ ಅಲ್ಲಿ ಮುದ್ರಿಸಿದ್ದು ಸಾಮಾನ್ಯವಾಗಿ ಆ ಪೆಟ್ಟಿಗೆಯಲ್ಲೇ ಉಳಿದು, ಪೆಟ್ಟಿಗೆ ಕೆಟ್ಟ ದಿನ ತಾನೂ ಹೋಗುತ್ತದೆ. ಕಂಪ್ಯೂಟರಿನಲ್ಲಾದರೆ ಅದು ಒಂದು ಮಾಮೂಲಿ ಕಡತ. ನಕಲು ಮಾಡಬಹುದು, ಬೇಡದ ಭಾಗ ಕತ್ತರಿಸಬಹುದು, ಇಪ್ಪತ್ತು ವರ್ಷ ಬಿಟ್ಟು ಬೇರೆ ಯಂತ್ರದಲ್ಲಿ ತೆರೆಯಬಹುದು. ಈ ಹವ್ಯಾಸ ಬೆಳೆದುಬಂದ ಕಾಲು ಶತಮಾನದಲ್ಲಿ ಕಂಪ್ಯೂಟರ್ ವರ್ಷದಿಂದ ವರ್ಷಕ್ಕೆ ಅಗ್ಗವಾಯಿತು, ತರಂಗಕ್ಕೆ ಬೀಳುವ ಬೀಗಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾದವು. ಒಂದು ದೇಶದಲ್ಲಿ ಈ ಕೆಲಸ ಸುಲಭವೋ ಕಷ್ಟವೋ ಎಂಬುದನ್ನು ಯಂತ್ರದ ಬೆಲೆ ನೋಡಿ ಹೇಳಲಾಗದು, ಅಲ್ಲಿಯ ತರಂಗ ತೆರೆದಿದೆಯೇ ಎಂದು ನೋಡಿ ಹೇಳಬೇಕು.

ಟೇಪಿನಿಂದ ಡಿಸ್ಕಿಗೆ

ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಮಾರುಕಟ್ಟೆಗೆ ಬಂದವು. ಪ್ರಸಾರದ ಹೊತ್ತಿಗೂ ನೋಡುವ ಹೊತ್ತಿಗೂ ಇದ್ದ ಗಂಟು ಬಿಚ್ಚಿದ್ದು ಇವು. ಹಾಲಿವುಡ್ ಸ್ಟುಡಿಯೊಗಳು ಸೋನಿಯ ಮೇಲೆ ಹೂಡಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರ ಜನವರಿಯಲ್ಲಿ ತೀರ್ಮಾನವಾಯಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ: ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಮಕ್ಕಳ ಕಾರ್ಯಕ್ರಮದ ಫ್ರೆಡ್ ರೋಜರ್ಸ್, ತಮ್ಮ ಕಾರ್ಯಕ್ರಮವನ್ನು ಮನೆಯವರು ಮುದ್ರಿಸಿಕೊಂಡರೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ನುಡಿದ ಸಾಕ್ಷ್ಯವನ್ನು ಬಹುಮತದ ತೀರ್ಪು ಉಲ್ಲೇಖಿಸಿದೆ. ಒಂದೇ ಒಂದು ಮತ ಆಚೀಚೆಯಾಗಿದ್ದರೆ ಈ ಲೇಖನದ ಮುಂದಿನ ಭಾಗ ಬೇರೆಯೇ ಆಗುತ್ತಿತ್ತು.

ನಮ್ಮಲ್ಲಿ ಆ ಕಾಲದ ನೆನಪು ಬೇರೆ ಥರದ್ದು. ಬಹಳ ಮನೆಗಳಿಗೆ ಬಂದದ್ದು ವಿಸಿಪಿ. ಅದು ಕ್ಯಾಸೆಟ್ ಓಡಿಸುತ್ತದೆ, ಮುದ್ರಿಸುವುದಿಲ್ಲ. ಬಾಡಿಗೆ ಕ್ಯಾಸೆಟ್ ತಂದು ರಾತ್ರಿಯೆಲ್ಲ ಸಿನಿಮಾ ನೋಡುವುದಕ್ಕೆ ಅದು ಸಾಕಾಗಿತ್ತು.

ಡಿಸ್ಕಿಗೆ ಮುದ್ರಿಸುವ ಗೃಹಯಂತ್ರಗಳಾದ ಟಿವೊ ಮತ್ತು ರೀಪ್ಲೇಟಿವಿ ಅಮೆರಿಕದಲ್ಲಿ ಕಾಣಿಸಿಕೊಂಡದ್ದು 1999ರಲ್ಲಿ. ಟಿವೊದ ಮೊದಲ ಮಾದರಿಗಳಲ್ಲಿ ಒಂದು 14 ಗಂಟೆ, ಇನ್ನೊಂದು 30 ಗಂಟೆಯ ಕಾರ್ಯಕ್ರಮ ಹಿಡಿಯುತ್ತಿತ್ತು. ನೇರ ಪ್ರಸಾರವನ್ನೇ ತಡೆದು ನಿಲ್ಲಿಸಿ, ಕಾಫಿ ಮಾಡಿಕೊಂಡು ಬಂದು, ನಿಂತಲ್ಲಿಂದ ಮುಂದುವರಿಸುವ ಚಮತ್ಕಾರ ಜನರಿಗೆ ಹಿಡಿಸಿತು. ಟಿವೊದ ಮುಚ್ಚಳ ತೆಗೆದು ನೋಡಿದವರಿಗೆ ಕಂಡದ್ದು ಒಂದು ಪ್ರೊಸೆಸರ್, ಒಂದು ಸಾಮಾನ್ಯ ಹಾರ್ಡ್ ಡಿಸ್ಕ್ ಮತ್ತು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ. ಮನೆಯಲ್ಲಿ ಧೂಳು ಹಿಡಿಯುತ್ತಿರುವ ಹಳೇ ಕಂಪ್ಯೂಟರಿನಲ್ಲೂ ಇವು ಇವೆಯಲ್ಲ ಎಂದು ಕೆಲವರಿಗೆ ಅನ್ನಿಸಿದ್ದು ಸಹಜ.

ಅನಲಾಗ್ ಕಾಲದ ಭಾರ

ಅನ್ನಿಸಿದಷ್ಟು ಸಲೀಸಾಗಿ ಅದು ಆಗಲಿಲ್ಲ. ಅನಲಾಗ್ ಚಿತ್ರವನ್ನು ಅಂಕಿಗಳಿಗೆ ಇಳಿಸಿದರೆ ಅದರ ಗಾತ್ರ ವಿಪರೀತ. ನಮ್ಮ ಪಾಲ್ ಪದ್ಧತಿಯ ಒಂದು ಚೌಕಟ್ಟಿನಲ್ಲಿ 720 ಗುಣಿಸು 576 ಚುಕ್ಕಿ, ಚುಕ್ಕಿಯೊಂದಕ್ಕೆ 2 ಬೈಟ್, ಸೆಕೆಂಡಿಗೆ 25 ಚೌಕಟ್ಟು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್, ಗಂಟೆಗೆ 74 ಗಿಗಾಬೈಟಿಗೂ ಹೆಚ್ಚು. 2000ದ ಸುಮಾರಿಗೆ ಮನೆಯ ಕಂಪ್ಯೂಟರಿನ ಡಿಸ್ಕ್ ಇದರ ಅರ್ಧವೂ ಇರುತ್ತಿರಲಿಲ್ಲ. ಹಾಗಾಗಿ ಚಿತ್ರ ಬರುತ್ತಿದ್ದಂತೆಯೇ ಕುಗ್ಗಿಸಬೇಕು. ಬಿಟಿ848, ಬಿಟಿ878 ಚಿಪ್ಪುಗಳಿದ್ದ ಅಗ್ಗದ ಟ್ಯೂನರ್ ಕಾರ್ಡುಗಳು ಚಿತ್ರವನ್ನು ಹಿಡಿದು ಕೊಡುತ್ತಿದ್ದವೇ ಹೊರತು ಕುಗ್ಗಿಸುತ್ತಿರಲಿಲ್ಲ. ಆ ಕೂಲಿ ಪೂರಾ ಪ್ರೊಸೆಸರಿನ ತಲೆಗೆ. ಪಕ್ಕದಲ್ಲಿ ಇನ್ನೇನಾದರೂ ಕೆಲಸ ತೆರೆದರೆ ಮುದ್ರಣದಲ್ಲಿ ಚೌಕಟ್ಟುಗಳು ಬಿಟ್ಟುಹೋಗಿ ಪಾತ್ರಧಾರಿಗಳು ಹಾರಿ ಹಾರಿ ನಡೆಯುತ್ತಿದ್ದರು.

ಇದಕ್ಕೆ ಪರಿಹಾರವಾಗಿ ಬಂದದ್ದು ಕಾರ್ಡಿನ ಮೇಲೆಯೇ ಎಂಪೆಗ್-2 ವಿಧಾನದಲ್ಲಿ ಕುಗ್ಗಿಸುವ ಚಿಪ್ ಇಟ್ಟ ಟ್ಯೂನರುಗಳು. ನ್ಯೂಯಾರ್ಕ್ ರಾಜ್ಯದ ಹಾಪಾಗ್ ಕಂಪನಿಯ ಪಿವಿಆರ್-250, ಪಿವಿಆರ್-150 ಕಾರ್ಡುಗಳು ಈ ಹವ್ಯಾಸಿಗಳ ನಡುವೆ ಮನೆಮಾತಾದವು. ಅವು ಇದ್ದರೆ ಹಳೆಯ ಪೆಂಟಿಯಂ ಯಂತ್ರವೂ ನೆಮ್ಮದಿಯಾಗಿ ಮುದ್ರಿಸುತ್ತಿತ್ತು.

ತಂತ್ರಾಂಶದ ಎರಡು ಮುಖ್ಯ ಪರಂಪರೆಗಳು ಈ ಹೊತ್ತಿನಲ್ಲೇ ಹುಟ್ಟಿದವು. ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ 2000ದಲ್ಲಿ ಆರಂಭಿಸಿದ ವಿಡಿಆರ್ ಉಪಗ್ರಹದ ಡಿಜಿಟಲ್ ತರಂಗವನ್ನೇ ನೆಚ್ಚಿಕೊಂಡು ಬೆಳೆಯಿತು. ಅಮೆರಿಕದ ಐಸಾಕ್ ರಿಚರ್ಡ್ಸ್ 2002ರಲ್ಲಿ ಮಿತ್‌ಟಿವಿ ಬರೆಯತೊಡಗಿದ್ದಕ್ಕೆ ಕಾರಣ, ಕೇಬಲ್ ಕಂಪನಿ ಕೊಟ್ಟ ಪೆಟ್ಟಿಗೆ ಚಾನೆಲ್ ಬದಲಿಸಲು ಪರದಾಡುತ್ತ ಜಾಹೀರಾತು ತೋರಿಸುತ್ತಿದ್ದುದು. ಮಿತ್‌ಟಿವಿಯ ಜಾಣತನ ಅದರ ಇಬ್ಭಾಗದಲ್ಲಿದೆ. ಮುದ್ರಿಸುವ ಭಾಗ ಒಂದು ಯಂತ್ರದಲ್ಲಿ, ತೋರಿಸುವ ಭಾಗ ಇನ್ನೊಂದರಲ್ಲಿ. ಗದ್ದಲ ಮಾಡುವ ಫ್ಯಾನು, ಡಿಸ್ಕುಗಳಿರುವ ಪೆಟ್ಟಿಗೆ ಅಟ್ಟದ ಮೇಲಿರಬಹುದು. ಪಡಸಾಲೆಯಲ್ಲಿ, ಮಲಗುವ ಕೋಣೆಯಲ್ಲಿ ಸದ್ದಿಲ್ಲದ ಚಿಕ್ಕ ಯಂತ್ರಗಳು ಸಾಕು. ಮೈಕ್ರೊಸಾಫ್ಟ್ ಕೂಡ 2002ರಿಂದ ವಿಂಡೋಸಿನ ಜೊತೆ ಮೀಡಿಯಾ ಸೆಂಟರ್ ಕೊಟ್ಟಿತು, 2015ರ ವಿಂಡೋಸ್ 10ರಲ್ಲಿ ಕೈಬಿಟ್ಟಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆ ಕಾಲದಲ್ಲಿ ಟಿವಿ ಟ್ಯೂನರ್ ಮಾರಾಟವಿತ್ತು. ಕೊಂಡವರಲ್ಲಿ ಬಹಳ ಮಂದಿಗೆ ರೆಕಾರ್ಡಿಂಗ್ ಮುಖ್ಯವಾಗಿರಲಿಲ್ಲ. ಬಾಡಿಗೆ ಕೋಣೆಯ ಹುಡುಗರಿಗೆ ಮಾನಿಟರೇ ಟಿವಿಯೂ ಆಗುತ್ತಿತ್ತಲ್ಲ, ಅದು ಆಕರ್ಷಣೆ.

ಡಿಜಿಟಲ್ ಬಂದು ಕೆಲಸ ಹಗುರಾಯಿತು

ಡಿಜಿಟಲ್ ಪ್ರಸಾರದಲ್ಲಿ ಚಿತ್ರವನ್ನು ಕುಗ್ಗಿಸುವ ಕೆಲಸ ನಿಲಯದಲ್ಲೇ ಮುಗಿದಿರುತ್ತದೆ. ಆಂಟೆನಾಕ್ಕೆ ಬರುವುದು 188 ಬೈಟಿನ ಪೊಟ್ಟಣಗಳ ಸಾಲು. ಪ್ರತಿ ಪೊಟ್ಟಣದ ಮೇಲೂ ಅದು ಯಾವ ಚಾನೆಲ್ಲಿನ ಚಿತ್ರದ್ದೋ ಧ್ವನಿಯದ್ದೋ ಎಂಬ ಗುರುತಿನ ಸಂಖ್ಯೆ. ಮನೆಯ ಕಂಪ್ಯೂಟರ್ ಮಾಡಬೇಕಾದದ್ದು ಬೇಕಾದ ಸಂಖ್ಯೆಯ ಪೊಟ್ಟಣಗಳನ್ನು ಆರಿಸಿ ಹಾಗ್ಹಾಗೇ ಡಿಸ್ಕಿಗೆ ಬರೆಯುವುದು, ಅಷ್ಟೇ. ಅಂಚೆಯಣ್ಣ ಕಾಗದ ಒಡೆದು ಓದುವುದಿಲ್ಲ, ವಿಳಾಸ ನೋಡಿ ಬೇರ್ಪಡಿಸುತ್ತಾನೆ, ಇದೂ ಹಾಗೆ. ನಿಲಯದಿಂದ ಹೊರಟ ಗುಣಮಟ್ಟವೇ ಡಿಸ್ಕಿನಲ್ಲಿ ಕೂರುತ್ತದೆ, ಎಳ್ಳಷ್ಟೂ ಕುಂದದೆ. ಒಂದೇ ಕಂಪನಾಂಕದಲ್ಲಿ ಹಲವು ಚಾನೆಲ್ಲುಗಳು ಒಟ್ಟಿಗೆ ಬರುವುದರಿಂದ, ಒಂದೇ ಟ್ಯೂನರಿನಿಂದ ಆ ಗುಂಪಿನ ನಾಲ್ಕೈದು ಚಾನೆಲ್ಲುಗಳನ್ನು ಏಕಕಾಲಕ್ಕೆ ಮುದ್ರಿಸಲೂ ಬಹುದು. ಅಂಗಡಿಯ ರೆಕಾರ್ಡರುಗಳು ಈ ಸೌಕರ್ಯವನ್ನು ಗಿರಾಕಿಗೆ ಕೊಡುವುದು ಅಪರೂಪ.

ಗಾತ್ರದ ಲೆಕ್ಕವೂ ಹಿಡಿತಕ್ಕೆ ಬಂತು. ಸೆಕೆಂಡಿಗೆ 4 ಮೆಗಾಬಿಟ್ ಹರಿಯುವ ಸಾಧಾರಣ ಚಾನೆಲ್ ಗಂಟೆಗೆ 1.8 ಗಿಗಾಬೈಟ್ ತಿನ್ನುತ್ತದೆ. ಅರ್ಧ ಗಂಟೆಯ ಧಾರಾವಾಹಿಯ ಕಂತು, ಜಾಹೀರಾತೂ ಸೇರಿ, 900 ಮೆಗಾಬೈಟ್. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸಾವಿರದ ನೂರು ಕಂತು ಹಿಡಿಯುತ್ತದೆ. ಅತ್ತೆ ಸೊಸೆ ರಾಜಿಯಾಗುವ ಮೊದಲೇ ಡಿಸ್ಕ್ ತುಂಬಿದರೂ ಆಶ್ಚರ್ಯವಿಲ್ಲ. ಅಮೆರಿಕದ ಭೂಪ್ರಸಾರದ ಒಂದು ಕಂಪನಾಂಕ ಪೂರ್ತಿ 19.39 ಮೆಗಾಬಿಟ್ ಹರಿಸುತ್ತದೆ, ಅಂದರೆ ಗಂಟೆಗೆ ಎಂಟೂ ಮುಕ್ಕಾಲು ಗಿಗಾಬೈಟಿನ ಒಳಗೆ. ಹಳೆಯ ಡಿಸ್ಕೂ ಈ ವೇಗಕ್ಕೆ ಹೆದರಬೇಕಾಗಿಲ್ಲ.

ಹೀಗೆ ಭಾರ ಇಳಿದಿದ್ದ ಹೊತ್ತಿಗೆ, 2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ರಾಸ್ಪ್‌ಬೆರಿ ಪೈ ಬಿಡುಗಡೆಯಾಯಿತು: ಅಂಗೈಯಗಲದ ಹಲಗೆ, 700 ಮೆಗಾಹರ್ಟ್ಸ್ ಪ್ರೊಸೆಸರ್, 256 ಮೆಗಾಬೈಟ್ ಸ್ಮರಣೆ, 35 ಡಾಲರ್ ಬೆಲೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಮಾಡಿದ್ದು. ಆದರೆ ಯುಎಸ್‌ಬಿ ಟ್ಯೂನರೊಂದನ್ನು ಚುಚ್ಚಿ, ಟಿವಿಹೆಡ್‌ಎಂಡ್ ಎಂಬ ಮುಕ್ತ ತಂತ್ರಾಂಶ ಹಾಕಿ ಮೂಲೆಯಲ್ಲಿಟ್ಟರೆ ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ ದಿನವಿಡೀ ರೆಕಾರ್ಡರಾಗಿ ದುಡಿಯುತ್ತದೆ ಎಂಬುದು ಬೇಗ ತಿಳಿದುಹೋಯಿತು. 2018ರ ಅಕ್ಟೋಬರಿನಲ್ಲಿ ಪೈ ತಯಾರಕರೇ 21.50 ಡಾಲರಿಗೆ ಟಿವಿ ಹ್ಯಾಟ್ ಎಂಬ ಟ್ಯೂನರ್ ಹಲಗೆ ತಂದರು. ಯುರೋಪಿನ ಡಿವಿಬಿ-ಟಿ ಮತ್ತು ಡಿವಿಬಿ-ಟಿ2 ಭೂಪ್ರಸಾರ ಹಿಡಿಯಲು ಅದರಲ್ಲೊಂದು ಸೋನಿ ಚಿಪ್ ಇದೆ.

ಪೈಗೆ ತನ್ನದೇ ಕೊರತೆಗಳಿದ್ದವು. ಮೊದಲ ಮಾದರಿಗಳು ಹಸಿದ ಟ್ಯೂನರಿಗೆ ಬೇಕಾದಷ್ಟು ವಿದ್ಯುತ್ ಯುಎಸ್‌ಬಿ ಮೂಲಕ ಕೊಡಲಾರದೆ ಸೋಲುತ್ತಿದ್ದುದರಿಂದ, ಬೇರೆ ಅಡಾಪ್ಟರ್ ಇರುವ ಹಬ್ ಬೇಕಾಗುತ್ತಿತ್ತು. ಮೆಮೊರಿ ಕಾರ್ಡಿಗೇ ಮುದ್ರಿಸಿದವರ ಕಾರ್ಡು ಬೇಗ ಸವೆಯುತ್ತಿತ್ತು. ಯುಎಸ್‌ಬಿ ಹಾರ್ಡ್ ಡಿಸ್ಕ್ ಲೇಸು. ಎಂಪೆಗ್-2 ಚಿತ್ರವನ್ನು ತೋರಿಸುವ ಸಾಮರ್ಥ್ಯ ಚಿಪ್ಪಿನಲ್ಲಿದ್ದರೂ ಪೇಟೆಂಟ್ ಶುಲ್ಕದ ಕಾರಣ ಮುಚ್ಚಿಡಲಾಗಿತ್ತು, 2.40 ಪೌಂಡ್ ಕೊಟ್ಟು ಕೀಲಿ ಸಂಖ್ಯೆ ಕೊಳ್ಳಬೇಕಿತ್ತು. ಮುದ್ರಿಸುವುದಕ್ಕೆ ಮಾತ್ರ ಆ ಕೀಲಿ ಬೇಡ, ಯಾಕೆಂದರೆ ಮುದ್ರಿಸುವಾಗ ಚಿತ್ರವನ್ನು ಬಿಡಿಸುವ ಪ್ರಮೇಯವೇ ಇಲ್ಲ.

ಎಲ್ಲಕ್ಕಿಂತ ವಿಚಿತ್ರ ಕೊರತೆ ಗಡಿಯಾರದ್ದು. 2023ರಲ್ಲಿ ಪೈ 5 ಬರುವವರೆಗೆ ಈ ಹಲಗೆಗಳಲ್ಲಿ ವಿದ್ಯುತ್ ಇಲ್ಲದಾಗಲೂ ನಡೆಯುವ ಗಡಿಯಾರ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಏಳಬೇಕಾದ ಆಳಿಗೆ ಹೊತ್ತೇ ಗೊತ್ತಿಲ್ಲದ ಹಾಗೆ. ಕರೆಂಟ್ ಹೋಗಿ ಬಂದರೆ ಯಂತ್ರ ಇಂಟರ್ನೆಟ್ಟಿನಿಂದ ವೇಳೆ ಕೇಳಿಕೊಳ್ಳುತ್ತದೆ. ಕರೆಂಟಿನ ಜೊತೆ ಇಂಟರ್ನೆಟ್ಟೂ ಹೋಗುವ ಊರುಗಳಿಗೆ ಇನ್ನೊಂದು ದಾರಿ ಇದೆ. ಡಿಜಿಟಲ್ ಪ್ರಸಾರದ ಪೊಟ್ಟಣಗಳಲ್ಲೇ ದಿನ, ವೇಳೆ ಬರುತ್ತಿರುತ್ತವೆ; ಟಿವಿಹೆಡ್‌ಎಂಡ್ ಅದನ್ನು ಓದಿ ಯಂತ್ರದ ಗಡಿಯಾರ ತಿದ್ದಬಲ್ಲದು.

ವೇಳಾಪಟ್ಟಿಯ ರಗಳೆ

ಟ್ಯೂನರ್, ಡಿಸ್ಕು ಹೊಂದಿಸುವುದು ಒಂದು ಭಾನುವಾರದ ಕೆಲಸ. ವರ್ಷಗಟ್ಟಲೆ ಕಾಡುವುದು ವೇಳಾಪಟ್ಟಿ. ಅದಿಲ್ಲದಿದ್ದರೆ ಈ ಯಂತ್ರ ಅಲಾರಂ ಇಟ್ಟ ಟೇಪ್ ರೆಕಾರ್ಡರಿಗಿಂತ ಹೆಚ್ಚೇನಲ್ಲ. ಅದಿದ್ದರೆ ‘ಈ ಹೆಸರಿನ ಕಾರ್ಯಕ್ರಮ ಯಾವಾಗ ಬಂದರೂ ಹಿಡಿ, ಮರುಪ್ರಸಾರವಾದರೆ ಬಿಡು’ ಎಂದು ಒಮ್ಮೆ ಹೇಳಿ ಮರೆತುಬಿಡಬಹುದು.

ಯುರೋಪಿನ ಡಿಜಿಟಲ್ ಪ್ರಸಾರದಲ್ಲಿ ಸುಮಾರು ಒಂದು ವಾರದ ಪಟ್ಟಿ ತರಂಗದಲ್ಲೇ ಬರುವುದು ವಾಡಿಕೆ. ಅಮೆರಿಕದಲ್ಲಿ ಹಾಗೆ ಬರುವುದು ಹಲವು ಕಡೆ ಕೆಲವು ಗಂಟೆಗಳದ್ದಷ್ಟೇ. ಅಲ್ಲಿಯ ಮಿತ್‌ಟಿವಿ ಬಳಕೆದಾರರು ಝ್ಯಾಪ್2ಇಟ್ ಲ್ಯಾಬ್ಸ್ ಎಂಬ ವಾಣಿಜ್ಯ ಸೇವೆ ಪುಕ್ಕಟೆ ಕೊಡುತ್ತಿದ್ದ ಪಟ್ಟಿಯನ್ನು ನೆಚ್ಚಿಕೊಂಡಿದ್ದರು. ಅದು 2007ರ ಸೆಪ್ಟೆಂಬರ್ 1ರಿಂದ ನಿಲ್ಲುತ್ತದೆಂದು ಪ್ರಕಟವಾದಾಗ ಹಣ ಸುರಿದು ಕಟ್ಟಿದ ಯಂತ್ರಗಳು ರಾತ್ರಿ ಬೆಳಗಾಗುವುದರಲ್ಲಿ ಕುರುಡಾಗುವ ಸ್ಥಿತಿ ಬಂತು. ತಂತ್ರಾಂಶ ಬರೆಯುವವರೇ ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಸದಸ್ಯರಿಂದ ಚಂದಾ ಎತ್ತಿ, ಅದೇ ಮಾಹಿತಿಯನ್ನು ದುಡ್ಡು ಕೊಟ್ಟು ಪಡೆದರು. ಉಚಿತ ತಂತ್ರಾಂಶ, ಗುಜರಿ ಯಂತ್ರ, ಬಿಟ್ಟಿ ತರಂಗ ಎಲ್ಲ ಸೇರಿದ ಮೇಲೂ ಕಟ್ಟುತ್ತಲೇ ಇರಬೇಕಾದ ಚಂದಾ ಉಳಿದದ್ದು ಇದೊಂದಕ್ಕೆ.

ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. ಬಿಬಿಸಿಯ ಎಚ್‌ಡಿ ಭೂಪ್ರಸಾರದ ಚಿತ್ರಕ್ಕೆ ಬೀಗ ಹಾಕುವಂತಿರಲಿಲ್ಲ, ಅದು ಸಾರ್ವಜನಿಕರ ಹಣದ ಪ್ರಸಾರ. ಹಾಗಾಗಿ ವೇಳಾಪಟ್ಟಿಯ ಅಕ್ಷರಗಳನ್ನು ಗುಟ್ಟಿನ ಕೋಷ್ಟಕ ಬಳಸಿ ಅಡಕಗೊಳಿಸಿ, ನಕಲು ನಿಯಂತ್ರಣದ ಷರತ್ತಿಗೆ ಒಪ್ಪಿದ ತಯಾರಕರಿಗೆ ಮಾತ್ರ ಆ ಕೋಷ್ಟಕ ಕೊಡುವ ಏರ್ಪಾಡಿಗೆ ನಿಯಂತ್ರಕ ಸಂಸ್ಥೆ ಆಫ್‌ಕಾಂ 2010ರಲ್ಲಿ ಅನುಮತಿ ನೀಡಿತು. ಊಟ ಬಡಿಸಿ, ಊಟದ ಹೊತ್ತು ಮಾತ್ರ ಗುಟ್ಟಾಗಿಟ್ಟಂತೆ. ಹವ್ಯಾಸಿಗಳು ಆ ಕೋಷ್ಟಕವನ್ನು ಬಿಡಿಸಿದರು. ಮುಕ್ತ ತಂತ್ರಾಂಶಗಳಲ್ಲಿ ಅದು ಈಗ ಸೇರಿಹೋಗಿದೆ.

ಪಟ್ಟಿ ಸಿಕ್ಕರೂ ಪ್ರಸಾರ ಅದರಂತೆ ನಡೆಯಬೇಕಲ್ಲ. ಪಂದ್ಯ ಎಳೆದರೆ ಮುಂದಿನ ಸಿನಿಮಾ ತಡವಾಗುತ್ತದೆ. ಮುದ್ರಣದಲ್ಲಿ ಮೊದಲ ಇಪ್ಪತ್ತು ನಿಮಿಷ ಕ್ರಿಕೆಟ್, ಕೊನೆಯ ಇಪ್ಪತ್ತು ನಿಮಿಷ ಸೊನ್ನೆ. ಕೊಲೆಗಾರ ಯಾರೆಂದು ತಿಳಿಯುವ ಮುಂಚೆ ಕಡತ ಮುಗಿದ ಅನುಭವ ಈ ಹವ್ಯಾಸಿಗಳಲ್ಲಿ ಆಗದವರಿಲ್ಲ. ಜರ್ಮನಿಯಲ್ಲಿ 1985ರಿಂದಲೇ ವಿಪಿಎಸ್ ಎಂಬ ಸಂಕೇತ ಕಾರ್ಯಕ್ರಮ ನಿಜಕ್ಕೂ ಆರಂಭವಾದದ್ದನ್ನು ರೆಕಾರ್ಡರಿಗೆ ತಿಳಿಸುತ್ತ ಬಂದಿದೆ, ವಿಡಿಆರ್ ಅದನ್ನು ಅರ್ಥಮಾಡಿಕೊಳ್ಳುತ್ತದೆ. ಮಿಕ್ಕವರ ಪಾಲಿಗೆ ಉಳಿದದ್ದು ಹಿಂದೆ ಎರಡು ನಿಮಿಷ, ಮುಂದೆ ಹತ್ತು ನಿಮಿಷ ಸೇರಿಸಿಡುವ ಹಳ್ಳಿ ವೈದ್ಯ.

ಜಾಹೀರಾತು ಕತ್ತರಿಸುವುದು

ಮಿತ್‌ಟಿವಿಯಲ್ಲೂ ಕಾಮ್‌ಸ್ಕಿಪ್ ಎಂಬ ತಂತ್ರಾಂಶದಲ್ಲೂ ಜಾಹೀರಾತು ಪತ್ತೆ ಮಾಡುವ ವಿಧಾನ ಸರಳ: ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಬರುವ ಕಪ್ಪು ಚೌಕಟ್ಟು, ಮೂಲೆಯ ಚಾನೆಲ್ ಲಾಂಛನ ಮಾಯವಾಗುವುದು, ಇಂಥ ಸುಳಿವುಗಳನ್ನು ಕೂಡಿಸಿ ಊಹೆ. ಜಾಹೀರಾತಿನಲ್ಲೂ ಲಾಂಛನ ಬಿಡದ, ಸುದ್ದಿಯ ಸುತ್ತಲೇ ಜಾಹೀರಾತಿನ ಚೌಕಟ್ಟು ಕಟ್ಟುವ ಚಾನೆಲ್ಲುಗಳ ಮುಂದೆ ಇದು ತಬ್ಬಿಬ್ಬಾಗುತ್ತದೆ. ಇದೇ ಕೆಲಸವನ್ನು ಗುಂಡಿ ಒತ್ತದೆಯೇ ಮಾಡುವ ಪೆಟ್ಟಿಗೆಯನ್ನು 2001ರಲ್ಲಿ ಮಾರಿದ ರೀಪ್ಲೇಟಿವಿಯ ಮೇಲೆ ಸ್ಟುಡಿಯೊಗಳೂ ಟಿವಿ ಜಾಲಗಳೂ ಮುಗಿಬಿದ್ದವು. ಮೊಕದ್ದಮೆ ಮುಗಿಯುವ ಮುನ್ನವೇ ಅದರ ಒಡೆತನದ ಕಂಪನಿ 2003ರಲ್ಲಿ ದಿವಾಳಿಯಾಯಿತು. ಮನೆಮನೆಯಲ್ಲಿ ಚದುರಿದ ಹವ್ಯಾಸಿಗಳ ಮೇಲೆ ಹಾಗೆ ಮುಗಿಬೀಳುವುದು ಸುಲಭವಲ್ಲ.

ಕಾನೂನು ಮತ್ತು ಬೀಗ

ಸ್ವಂತಕ್ಕೆ ಮುದ್ರಿಸಿಕೊಳ್ಳುವುದನ್ನು ಬಹಳ ದೇಶಗಳ ಕಾನೂನು ಒಪ್ಪುತ್ತದೆ. ಬ್ರಿಟನ್ನಿನ 1988ರ ಹಕ್ಕುಸ್ವಾಮ್ಯ ಕಾಯಿದೆಯ 70ನೇ ಕಲಂ, ಅನುಕೂಲವಾದ ಹೊತ್ತಿನಲ್ಲಿ ನೋಡಲು ಮನೆಯಲ್ಲಿ ಮುದ್ರಿಸುವುದಕ್ಕೆ ಅವಕಾಶ ಕೊಡುತ್ತದೆ. ಟಿವಿ ಲೈಸೆನ್ಸ್ ಮಾತ್ರ ಇರಬೇಕು. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 39ನೇ ಕಲಮಿನ ಪ್ರಕಾರ, ಮುದ್ರಿಸುವಾತನ ಖಾಸಗಿ ಬಳಕೆಗಾಗಿ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಾಗಿ ಮಾಡಿಕೊಂಡ ಮುದ್ರಣ ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ. ಮೇಷ್ಟರೊಬ್ಬರು ಪಾಠಕ್ಕೆಂದು ಮುದ್ರಿಸಿದ್ದೂ ಇದರಲ್ಲಿ ಬರುತ್ತದೆ. ಆದರೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದಕ್ಕೆ ಎರಡು ವರ್ಷದವರೆಗಿನ ಸೆರೆ ವಿಧಿಸುತ್ತದೆ. ಮುದ್ರಿಸಲು ಅನುಮತಿ ಇದೆ, ಬೀಗ ಮುರಿದರೆ ಅಪಾಯವಿದೆ. ಪ್ರಸಾರಕರು ಕಾನೂನು ಬದಲಿಸಲು ಹೆಣಗದೆ ಬೀಗಗಳನ್ನೇ ಹೆಚ್ಚಿಸಿದ್ದರ ಗುಟ್ಟು ಇಲ್ಲಿದೆ.

ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ನಕಲು ಬೇಡವೆಂಬ ಗುರುತು ಕಂಡರೆ ಯಂತ್ರಗಳು ಪಾಲಿಸಲೇಬೇಕೆಂದು 2003ರಲ್ಲಿ ನಿಯಮ ಮಾಡಿತು. ಜಾರಿಗೆ ಬರುವ ಎರಡು ತಿಂಗಳು ಮೊದಲು, 2005ರ ಮೇಯಲ್ಲಿ, ಗ್ರಂಥಾಲಯ ಸಂಘ ಹೂಡಿದ ದಾವೆಯಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು. 2012ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಪೂರ್ಣ ಡಿಜಿಟಲ್ ಆದ ಕೇಬಲ್ ಕಂಪನಿಗಳಿಗೆ ಮೂಲ ಚಾನೆಲ್ಲುಗಳನ್ನೂ ಗೂಢಲಿಪಿಯಲ್ಲಿ ಕಳಿಸಲು ಬಿಟ್ಟಿತು; ಕೇಬಲನ್ನು ನೇರ ಟ್ಯೂನರಿಗೆ ಸಿಕ್ಕಿಸುತ್ತಿದ್ದವರ ಕಾಲ ಅಲ್ಲಿಗೆ ಮುಗಿಯಿತು. ಹೊಸ ಎಟಿಎಸ್‌ಸಿ 3.0 ಭೂಪ್ರಸಾರದಲ್ಲೂ ಹಲವು ನಿಲಯಗಳು ಬೀಗ ಹಾಕತೊಡಗಿವೆ. ಜರ್ಮನಿಯಲ್ಲಿ ಸಾರ್ವಜನಿಕ ಚಾನೆಲ್ಲುಗಳು ಉಪಗ್ರಹದಿಂದ ತೆರೆದೇ ಬರುತ್ತವೆ, ದೊಡ್ಡ ಖಾಸಗಿ ಚಾನೆಲ್ಲುಗಳ ಎಚ್‌ಡಿಗೆ ಬೀಗವಿದೆ. ವಿಡಿಆರ್ ಅಲ್ಲಿ ಇಂದಿಗೂ ಉಳಿದದ್ದಕ್ಕೆ ಮೊದಲನೆಯದೇ ಕಾರಣ.

ಭಾರತದಲ್ಲಿ

ಇಲ್ಲಿ ಕೇಬಲ್ ಅನಲಾಗ್ ಆಗಿದ್ದಾಗ ಯಾವ ಟ್ಯೂನರಾದರೂ ನಡೆಯುತ್ತಿತ್ತು. 2011ರ ಕಾಯಿದೆ ತಿದ್ದುಪಡಿಯ ನಂತರ ಕೇಬಲ್ ಹಂತಹಂತವಾಗಿ ಡಿಜಿಟಲ್ಲಿಗೆ ಸರಿಯಿತು; ಬೆಂಗಳೂರು, ಮೈಸೂರುಗಳಿಗೆ ಗಡುವು ಇದ್ದದ್ದು 2013ರ ಮಾರ್ಚ್ 31. ಆ ಪದ್ಧತಿಯಲ್ಲಿ ತರಂಗ ಗೂಢಲಿಪಿಯಲ್ಲಿರುತ್ತದೆ, ಬಿಡಿಸುವುದು ಕೇಬಲ್‌ನವರು ಕೊಟ್ಟ ಪೆಟ್ಟಿಗೆ ಮಾತ್ರ. ಚಂದಾ ಕಟ್ಟುವ ಡಿಟಿಎಚ್ ಕೂಡ ಹಾಗೆಯೇ. ಪೆನ್‌ಡ್ರೈವ್ ಚುಚ್ಚಿ ಮುದ್ರಿಸುವ ಸೆಟ್-ಟಾಪ್ ಬಾಕ್ಸುಗಳು ಬಂದರೂ, ಅವುಗಳಲ್ಲಿ ಮುದ್ರಿಸಿದ್ದು ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಷ್ಟೇ ತೆರೆಯುತ್ತದೆ.

ಉಳಿದ ದಾರಿಗಳು ಎರಡು. ಒಂದು, ಬಾಕ್ಸಿನ ಹಿಂದಿರುವ ಹಳದಿ, ಕೆಂಪು, ಬಿಳಿ ಸಾಕೆಟ್ಟಿನಿಂದ ಅನಲಾಗ್ ಚಿತ್ರವನ್ನು ‘ಈಜಿಕ್ಯಾಪ್’ ಹೆಸರಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಸಾಧನಕ್ಕೆ ಕೊಟ್ಟು ಮತ್ತೆ ಕುಗ್ಗಿಸುವುದು. ಚಾನೆಲ್ ಬದಲಿಸಲು ರಿಮೋಟಿನಂತೆ ಮಿಣುಕುವ ಅವಗೆಂಪು ಎಲ್‌ಇಡಿಯೊಂದನ್ನು ಬಾಕ್ಸಿನ ಮುಂದೆ ಅಂಟಿಸಬೇಕು. ಚಿತ್ರ ಮಸುಕು, ತಪ್ಪುವ ಸಂಭವ ಹೆಚ್ಚು.

ಎರಡನೆಯದು ನಿಜಕ್ಕೂ ಒಳ್ಳೆಯದು: ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಆರಂಭವಾದ ಈ ಸೇವೆ ಈಗ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ತಿಂಗಳ ಬಾಡಿಗೆ ಇಲ್ಲ. ಚಂದನ ವಾಹಿನಿಯೂ ಇದರಲ್ಲಿದೆ. ಬೀಗವಿಲ್ಲದ ಚಾನೆಲ್ಲುಗಳನ್ನು ಡಿವಿಬಿ-ಎಸ್2 ಉಪಗ್ರಹ ಟ್ಯೂನರ್ ಸಿಕ್ಕಿಸಿದ ಯಾವ ಲಿನಕ್ಸ್ ಯಂತ್ರವಾದರೂ ಮುದ್ರಿಸಬಲ್ಲದು. ಮಲೆನಾಡಿನ ಮನೆಯ ಮಾಡಿನ ಮೇಲೆ ಒಂದು ಪುಟ್ಟ ಡಿಶ್, ಕೆಳಗೆ ಒಂದು ಹಳೇ ಲ್ಯಾಪ್‌ಟಾಪ್ ಇಷ್ಟರಲ್ಲೇ ಚಂದನದ ಯಕ್ಷಗಾನವೋ ಸಂಗೀತ ಕಛೇರಿಯೋ ನಿಲಯದಿಂದ ಹೊರಟ ಹಾಗೆಯೇ ಡಿಸ್ಕಿಗೆ ಇಳಿಯುತ್ತದೆ. ಜಡಿಮಳೆ ಬಂದರೆ ತರಂಗ ಕೈಕೊಡುತ್ತದೆ, ಅದಕ್ಕೆ ಲಿನಕ್ಸಿನಲ್ಲೂ ಮದ್ದಿಲ್ಲ. ದೂರದರ್ಶನ 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಭೂಪ್ರಸಾರ ಆರಂಭಿಸಿತ್ತಾದರೂ ಅದು ಜನಬಳಕೆಗೆ ಹತ್ತಲಿಲ್ಲ. ಅಗ್ಗದ ಡಿವಿಬಿ-ಟಿ ಕಡ್ಡಿಗಳಿಗಂತೂ ಇಲ್ಲಿ ಬಹುತೇಕ ಕಡೆ ಹಿಡಿಯಲು ಟಿವಿಯೇ ಇರಲಿಲ್ಲ. ಅವುಗಳಲ್ಲಿ ಆರ್‌ಟಿಎಲ್2832ಯು ಚಿಪ್ ಇರುವವನ್ನು ರೇಡಿಯೊ ಹವ್ಯಾಸಿಗಳು ಬೇರೆ ಬೇರೆ ತರಂಗಗಳನ್ನು ಆಲಿಸಲು ಬಳಸುತ್ತಾರೆ.

ಮುದ್ರಿಸಿದವರ ಭಂಡಾರ

ಕಾರ್ಯಕ್ರಮಗಳೆಲ್ಲ ಆನ್‌ಲೈನಿನಲ್ಲಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆನ್‌ಲೈನಿನಲ್ಲಿ ಇಂದು ಇರುವುದು ಒಪ್ಪಂದ ಮುಗಿದ ದಿನ ಇರುವುದಿಲ್ಲ, ಪ್ರಸಾರಕರೂ ತಮ್ಮದನ್ನೆಲ್ಲ ಕಾಪಾಡಿಕೊಂಡವರಲ್ಲ. ಬಿಬಿಸಿ 1960ರ ದಶಕದ ‘ಡಾಕ್ಟರ್ ಹೂ’ ಸರಣಿಯ ಅನೇಕ ಕಂತುಗಳ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿತು. ಕಳೆದುಹೋದ ಆ ಕಂತುಗಳೆಲ್ಲದರ ಧ್ವನಿ ಮಾತ್ರ ಉಳಿದಿದೆ, ಯಾಕೆಂದರೆ ಪ್ರಸಾರದ ಹೊತ್ತಿನಲ್ಲಿ ಅಭಿಮಾನಿಗಳು ಮನೆಯಲ್ಲಿ ಟಿವಿಯ ಧ್ವನಿಯನ್ನು ಟೇಪ್ ರೆಕಾರ್ಡರಿಗೆ ಹಿಡಿದಿಟ್ಟಿದ್ದರು.

ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಹಿಂದೆ ಗ್ರಂಥಪಾಲಕಿಯಾಗಿದ್ದವರು. 1979ರ ಇರಾನ್ ಒತ್ತೆಯಾಳುಗಳ ಬಿಕ್ಕಟ್ಟಿನ ಹೊತ್ತಿಗೆ ಶುರುಮಾಡಿ, 2012ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ, ಹಲವು ವಿಸಿಆರ್‌ಗಳಲ್ಲಿ ಹಗಲಿರುಳು ಸುದ್ದಿ ಪ್ರಸಾರಗಳನ್ನು ಮುದ್ರಿಸಿದರು. ಕ್ಯಾಸೆಟ್ ಮುಗಿಯುವ ಹೊತ್ತಿಗೆ ಬದಲಿಸಲೆಂದು ಹೊರಗಿನ ಊಟ ಬಿಟ್ಟು ಮನೆಗೆ ಓಡುತ್ತಿದ್ದರಂತೆ. ಅವರು ಬಿಟ್ಟುಹೋದ ಸುಮಾರು 70,000 ಟೇಪುಗಳು ಈಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಶದಲ್ಲಿವೆ. ಅವರ ಮನೆ ತುಂಬಿದ್ದ ಕೆಲಸಕ್ಕೆ ಇಂದು ಒಂದು ಪೈ, ಎರಡು ಟ್ಯೂನರ್, ಕಪಾಟಿನ ಒಂದು ಅಂಕಣದಷ್ಟು ಡಿಸ್ಕುಗಳು ಸಾಕು, ತರಂಗ ಬೀಗವಿಲ್ಲದೆ ಬರುವ ಊರಿನಲ್ಲಾದರೆ.